ಹಸಿರು ತಾಟು, ಹೂವಿನ ತಾಟು

ಸುಂದರಾಗೆ ಸಿಟ್ಟು ಬಂದರೆ ಬಾಯಿಗಿಂತ ಮೊದಲು ಪಾತ್ರೆಗಳು ಮಾತಾಡುತ್ತಿದ್ದವು. ತಂಬಿಗೆ ಧಡಕ್ಕನೆ ನೆಲಕ್ಕೆ ಕೂತರೆ ಗಂಡ ರಾಜಾರಾಮ ಚಪ್ಪಲಿ ಮೆಟ್ಟಿ ಹೊರಗೆ ನಡೆಯುತ್ತಿದ್ದ. ಬೋಗುಣಿಯ ಮುಚ್ಚಳ ಹಾರಿದರೆ ಮಗ ವಿಕ್ರಾಂತನಿಗೆ ಡೇರಿಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಆದರೆ ಆ ಸೋಮವಾರ ಸೊಸೆ ಪೂನಮ ನಿಪ್ಪಾಣಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ರಟ್ಟಿನ ಡಬ್ಬಿಯಲ್ಲಿ ಇದ್ದದ್ದು ಪಿಂಗಾಣಿ. ಕುಕ್ಕಿದರೆ ಒಡೆಯುತ್ತದೆ. ಹಾಗಾಗಿ ಸುಂದರಾ ಬಾಯಿಂದಲೇ ಶುರು ಮಾಡಬೇಕಾಯಿತು.

"ಇವ್ಯಾಕ ತಂದಿ?"

"ಉಣ್ಣಾಕ್ರಿ ಅತ್ತಿ, ಮತ್ತ್ಯಾಕ? ಹನ್ನೆರಡ ತಾಟ ಅದಾವ. ಆರು ಹೂವಿನವು, ಆರು ಸಾದಾ."

ಪೂನಮ ಒಂದೊಂದನ್ನೇ ಕಾಗದದಿಂದ ಬಿಚ್ಚಿ ಚಾಪೆಯ ಮೇಲೆ ಸಾಲಾಗಿ ಇಟ್ಟಳು. ಬಿಳಿಯ ಮೇಲೆ ನೀಲಿ ಹೂವು, ಹಸಿರು ಎಲೆ. ಅದರ ಪಕ್ಕಕ್ಕೆ ಒಂದು ಚುಕ್ಕೆಯೂ ಇಲ್ಲದ ಹಸಿರು ತಾಟು. ಮತ್ತೆ ಹೂವು, ಮತ್ತೆ ಹಸಿರು. ಮುಖದಲ್ಲಿ ಹಬ್ಬ ಕಾಣುತ್ತಿತ್ತು.

"ನೋಡ್ರಿ, ಎಲಿ ಬಣ್ಣ, ಈ ಸಾದಾ ತಾಟಿನ ಬಣ್ಣ ಎರಡೂ ಒಂದ. ಹೂವಿನ ಸೀರಿಗಿ ಅಂಚಿನ ಬಣ್ಣದ ಸಾದಾ ಜಂಪರ ಹೊಲೀತೀವಲ್ರಿ, ಹಂಗ. ಎಲ್ಲಾ ಹೂವಿನವ ಇಟ್ರ ಕಣ್ಣ ಕುಕ್ಕತಾವ, ಎಲ್ಲಾ ಸಾದಾ ಇಟ್ರ ಮಾರಿ ಬಾಡಿದಂಗ ಕಾಣ್ತೈತಿ. ಕೂಡಿಸಿ ಇಟ್ರ ಚಂದ."

ಪೂನಮ ಚಿಕ್ಕೋಡಿಯವಳು. ಈ ಮನೆಗೆ ಬಂದು ಮೂರು ವರ್ಷ. ಈ ಸದಲಗಾ ಊರಿನ ಅರ್ಧ ಹೆಂಗಸರ ಜಂಪರು ಅವಳ ಮಷೀನಿನ ಕೆಳಗೇ ಹಾದು ಹೋಗುತ್ತಿದ್ದವು. ಬಣ್ಣಕ್ಕೆ ಬಣ್ಣ ಕೂಡಿಸುವುದು ಅವಳ ಕೈಗುಣ. ಅವಳು ಸುಳ್ಳು ಹೇಳುತ್ತಿರಲಿಲ್ಲ, ತಾಟುಗಳು ನಿಜವಾಗಿಯೂ ಚಂದವಾಗಿದ್ದವು. ಆದರೆ ಸುಂದರಾ ಚಂದ ನೋಡುತ್ತಿರಲಿಲ್ಲ. ಅವಳ ಕಣ್ಣು ಹಸಿರಿನ ಮೇಲೆಯೇ ನೆಟ್ಟಿತ್ತು.

"ಹಸರ ತಾಟ ನನ್ನ ಮನ್ಯಾಗ ಬ್ಯಾಡ. ಕಟ್ಟಿ ಅಟ್ಟಕ್ಕ ಹಾಕ."

"ನಾ ದುಡದ ತಂದಿದ್ದು ಅತ್ತಿ!"

"ದುಡದ ವಿಷಾ ತಂದ್ರ ಕುಡೀಲೇನ?"

ಪೂನಮ ಬೆಚ್ಚಿದಳು. ತಾಟಿಗೂ ವಿಷಕ್ಕೂ ಎಲ್ಲಿಯ ಸಂಬಂಧ? ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗುವಂತೆ ಯಾರೂ ಹೇಳಿರಲೂ ಇಲ್ಲ.

ಸುಂದರಾ ಇಪ್ಪತ್ತೈದು ವರ್ಷ ಆಬಾಸಾಹೇಬ ಸಾವುಕಾರರ ಮನೆಯಲ್ಲಿ ದುಡಿದವಳು. ಹೊಲದಲ್ಲಿ ಕಬ್ಬಿನ ಒಣ ಗರಿಯ ರವದಿ ಬಿಡಿಸುವುದು, ಕೊಟ್ಟಿಗೆಯಲ್ಲಿ ಸೆಗಣಿ ಬಳಿಯುವುದು, ಅಂಗಳದಲ್ಲಿ ಕೂತು ಜೋಳ ಹಸನು ಮಾಡುವುದು. ಆ ಮನೆಯ ಅಡುಗೆಮನೆಯಲ್ಲಿ ಹೂವಿನ ತಾಟುಗಳಿದ್ದವು. ಅವು ಮನೆಯವರಿಗೆ, ಬೀಗರಿಗೆ. ದನದ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಮಾಡ. ಆ ಮಾಡದಲ್ಲಿ ಒಂದು ಹಸಿರು ತಗಡಿನ ತಾಟು. ಅದು ಸುಂದರಾಗೆ. ಮಧ್ಯಾಹ್ನವಾದರೆ ಅವಳು ಅದನ್ನು ಹಿಡಿದು ಅಂಗಳದಲ್ಲಿ ಕೂಡುತ್ತಿದ್ದಳು, ಸಾವುಕಾರರ ಹೆಂಡತಿ ಕಾಶಿಬಾಯಿ ಮೇಲಿಂದ ರೊಟ್ಟಿ ಬಿಡುತ್ತಿದ್ದಳು. ಪಲ್ಯ ಬಿಡುವಾಗ ಸೌಟು ತಾಟಿಗೆ ತಾಗಬಾರದು. ತಾಗಿದರೆ ಸೌಟನ್ನು ಬೂದಿ ಹಚ್ಚಿ ತಿಕ್ಕಬೇಕು. ಎಷ್ಟೋ ಸಲ ಪಲ್ಯ ತಾಟಿಗೆ ಬೀಳದೆ ಕಾಲ ಮೇಲೆ ಬಿದ್ದಿತ್ತು.

ವಿಕ್ರಾಂತನಿಗೆ ಡೇರಿಯಲ್ಲಿ ಹಾಲಿನ ಫ್ಯಾಟು ನೋಡುವ ಕೆಲಸ ಸಿಕ್ಕ ವರ್ಷ ಅವಳು ಆ ಮನೆ ಬಿಟ್ಟಳು. ಬಿಟ್ಟ ವಾರವೇ ಚಿಕ್ಕೋಡಿ ಸಂತೆಗೆ ಹೋಗಿ ಹನ್ನೆರಡು ಸ್ಟೀಲಿನ ತಾಟು ತಂದಳು. ಒಂದೇ ಅಳತೆ, ಒಂದೇ ಅಂಚು, ಒಂದರಂತೆ ಇನ್ನೊಂದು. ಅಂಗಡಿಯವನು ಹೆಸರು ಕೊರೆದು ಕೊಡುತ್ತೇನೆ ಎಂದಾಗ ಬೇಡವೆಂದಳು. ಹೆಸರಿದ್ದರೆ ಅದು ಒಬ್ಬರ ತಾಟಾಗುತ್ತದೆ. ಅವಳ ಮನೆಯಲ್ಲಿ ತಾಟಿಗೆ ಯಜಮಾನನಿರಲಿಲ್ಲ, ಕೈಗೆ ಸಿಕ್ಕದ್ದರಲ್ಲಿ ಉಣ್ಣುವುದು. ಬುದ್ಧನ ಫೋಟೋದ ಕೆಳಗೆ ಆ ಹನ್ನೆರಡು ತಾಟು ಹಲಗೆಯ ಮೇಲೆ ಹೊಳೆಯುತ್ತಿದ್ದರೆ ಅವಳಿಗೆ ಎದೆ ಉಬ್ಬುತ್ತಿತ್ತು.

ಈಗ ಸೊಸೆ ಮತ್ತೆ ಹಸಿರು ತಂದು ಇಟ್ಟಿದ್ದಳು.

ಪೂನಮ ಅಟ್ಟಕ್ಕೆ ಹಾಕಲಿಲ್ಲ. ಹಠದಲ್ಲಿ ಅವಳೇನೂ ಕಡಿಮೆಯಲ್ಲ. ಮರುದಿನದಿಂದ ಹಸಿರು ತಾಟಿನಲ್ಲಿ ತಾನೊಬ್ಬಳೇ ಉಣ್ಣತೊಡಗಿದಳು. ಅತ್ತೆ ಸ್ಟೀಲಿನಲ್ಲಿ, ಸೊಸೆ ಪಿಂಗಾಣಿಯಲ್ಲಿ. ಎದುರು ಬದುರು ಕೂತು ಇಬ್ಬರೂ ರೊಟ್ಟಿಯನ್ನು ಮುರಿಯುವುದರಲ್ಲೇ ಸಿಟ್ಟು ತೀರಿಸಿಕೊಳ್ಳುತ್ತಿದ್ದರು. ನಾಲ್ಕು ದಿನ ಹೀಗೆ ನಡೆಯಿತು. ಐದನೆಯ ದಿನ ಸುಂದರಾ ತಡೆಯಲಾರದೆ ಅಂದಳು:

"ಬ್ಯಾರೆ ತಾಟಿನ್ಯಾಗ ಉಣ್ಣಾಕ ನಿನಗ ನಾಚಿಕಿ ಬರೂದಿಲ್ಲೇನ?"

"ಯಾಕ ಬರಬೇಕ್ರಿ? ನನ್ನ ತಾಟ, ನನ್ನ ಖುಷಿ."

"ನನಗ ಯಾರೂ ಖುಷಿ ಕೇಳಿರಲಿಲ್ಲ!"

ಆಗ ಎಲ್ಲವೂ ಹೊರಬಿತ್ತು. ಮಾಡ, ತಗಡಿನ ತಾಟು, ಮೇಲಿಂದ ಬೀಳುವ ರೊಟ್ಟಿ, ಬೂದಿ ಹಚ್ಚಿದ ಸೌಟು. ಹೇಳುವಾಗ ಸುಂದರಾಗೆ ಕಣ್ಣೀರು ಬರಲಿಲ್ಲ, ದನಿ ಮಾತ್ರ ಏರುತ್ತ ಹೋಯಿತು. ಪೂನಮಳ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. ಅವಳ ಅಪ್ಪ ಚಿಕ್ಕೋಡಿ ಕೋರ್ಟಿನಲ್ಲಿ ಜವಾನ. ಮನೆಯಲ್ಲಿ ಇಂಥ ಮಾತು ಬಂದರೆ ಆತ ರೇಡಿಯೋದ ದನಿ ಏರಿಸುತ್ತಿದ್ದ. ಹಿಂದಿನದನ್ನು ಹೇಳಿ ಮಕ್ಕಳ ತಲೆ ತಗ್ಗಿಸಬಾರದು ಎಂಬುದು ಆತನ ಲೆಕ್ಕ.

"ನನಗ ಗೊತ್ತಿದ್ದಿಲ್ರಿ ಅತ್ತಿ," ಅಂದಳು. ತುತ್ತನ್ನು ತಾಟಿನಲ್ಲಿಟ್ಟು, "ಆದ್ರ ಆ ಸಾವ್ಕಾರ್ನ ಸಲವಾಗಿ ನಾವ್ಯಾಕ ಒಂದ ಬಣ್ಣಾನ ಬಿಡಬೇಕ್ರಿ? ಹಸರ ಅವನಪ್ಪಂದೇನ?"

ಮೂಲೆಯಲ್ಲಿ ಉಣ್ಣುತ್ತಿದ್ದ ರಾಜಾರಾಮ ಕೆಮ್ಮಿ, "ಮಾತ ಬರೋಬರ್ ಐತಿ ನೋಡ," ಅಂದ. ಪಂಚಾಯತಿಯಲ್ಲಿ ನೀರು ಬಿಡುವ ಕೆಲಸ ಮಾಡಿ ರಿಟೈರ್ ಆದ ಮನುಷ್ಯ. ವಾರಕ್ಕೊಂದು ಮಾತಾಡಿದರೆ ಹೆಚ್ಚು.

ಮುಂದಿನ ವಾರದಿಂದ ಪೂನಮ ಹೊಸ ಪದ್ಧತಿ ಹಾಕಿದಳು. ಎಲ್ಲರಿಗೂ ಪಿಂಗಾಣಿಯೇ. ಒಂದು ಹೂವು, ಒಂದು ಹಸಿರು. ಇವತ್ತು ಮಾವನಿಗೆ ಹೂವು ಬಂದರೆ ನಾಳೆ ಹಸಿರು. ಇವತ್ತು ಅತ್ತೆಗೆ ಹಸಿರಾದರೆ ನಾಳೆ ಹೂವು. ಮೊದಲೆರಡು ಸಲ ಸುಂದರಾ ಹಸಿರನ್ನು ಸರಿಸಿ ಹೂವಿನದನ್ನು ಎಳೆದುಕೊಂಡಳು. ಮೂರನೆಯ ಸಲ ಎಳೆದುಕೊಳ್ಳಲಿಲ್ಲ. ತಾಟು ದಿನಾ ಕೈ ಬದಲಿಸುತ್ತಿತ್ತು, ಯಾರ ಹಣೆಗೂ ಅಂಟಿಕೊಳ್ಳುತ್ತಿರಲಿಲ್ಲ. ಇದೂ ತನ್ನ ಸ್ಟೀಲಿನ ತಾಟಿನ ನ್ಯಾಯವೇ ಎಂದು ಅವಳಿಗೆ ಕಂಡಿತು. ಬಾಯಿಬಿಟ್ಟು ಹೇಳಲಿಲ್ಲ, ಸೊಸೆಯ ತಲೆಗೆ ಏರಬಾರದಲ್ಲ! ಹಸಿರು ತಾಟಿನಲ್ಲಿ ಕೆಂಪು ಖಾರದ ಚಟ್ನಿ ಚಂದ ಕಾಣುತ್ತದೆ ಎಂದು ಮಾತ್ರ ಒಂದು ದಿನ ಅಂದಳು.

ಮನೆಯಲ್ಲಿ ಗಾಳಿ ಸ್ವಲ್ಪ ತಂಪಾಯಿತು ಅನ್ನುವಾಗಲೇ ವಿಕ್ರಾಂತ ಸುದ್ದಿ ತಂದ. ಸೈಕಲ್ ಮೋಟಾರು ನಿಲ್ಲಿಸುವ ಮೊದಲೇ ಕೂಗಿದ:

"ಅವ್ವಾ, ಐತವಾರ ಚೇರಮನ್ ಸಾಹೇಬ್ರು ನಮ್ಮ ಮನಿಗೆ ಊಟಕ್ಕ ಬರಾಕತ್ತಾರ!"

ಡೇರಿಯ ಚೇರಮನ್ ಅಂದರೆ ಬೇರೆ ಯಾರೂ ಅಲ್ಲ, ಅದೇ ಆಬಾಸಾಹೇಬ. ಮುಂದಿನ ತಿಂಗಳು ಡೇರಿಯ ಇಲೆಕ್ಷನ್. ಈ ಓಣಿಯಲ್ಲಿ ಎಮ್ಮೆ ಕಟ್ಟಿದವರು ಅರವತ್ತು ಮನೆ. ಅರವತ್ತು ಓಟಿಗಾಗಿ ಆತ ಎಲ್ಲಿ ಬೇಕಾದರೂ ಉಣ್ಣುವವನು.

"ನಮ್ಮ ಮನಿಗೆ? ಉಣ್ಣಾಕ?" ಸುಂದರಾಳ ಕೈಯಲ್ಲಿದ್ದ ತಂಬಿಗೆ ಧಡಕ್ಕನೆ ನೆಲಕ್ಕೆ ಬಿತ್ತು. "ಇಪ್ಪತ್ತೈದ ವರ್ಷ ನನ್ನ ನೆರಳ ಅವನ ಹೊಸ್ತಿಲಾ ದಾಟಲಿಲ್ಲ. ಈಗ ಅಂವಾ ನನ್ನ ಹೊಸ್ತಿಲಾ ದಾಟ್ತಾನ?"

"ಕಾಲ ಬದಲಾಗೈತಿ ಅವ್ವಾ. ದಾಟಾಕತ್ತಾರಂದ್ರ ಖುಷಿ ಪಡು."

"ಖುಷಿ ನೀ ಪಡು. ನಾ ಒಲಿ ಹಚ್ಚೂದಿಲ್ಲ."

ವಿಕ್ರಾಂತ ಚಪ್ಪಲಿ ಬಿಚ್ಚದೆಯೇ ಒಳಗೆ ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಒಂಬತ್ತ ವರ್ಷ ಆತು ಅವ್ವಾ, ನಾ ಟೆಂಪರವರಿ ಅಂತ ದುಡಿಯಾಕ ಹತ್ತಿ. ನನ್ನ ಹಿಂದ ಬಂದಾವ್ರು ನಾಕ ಮಂದಿ ಕಾಯಂ ಆದ್ರು. ನನ್ನ ಕಾಗದ ಅವರ ಟೇಬಲ್ ಮ್ಯಾಲ ಐತಿ. ಇಲೆಕ್ಷನ್ ಮುಂಚೆ ಸಹಿ ಹಾಕತೀನಿ ಅಂದಾರ. ಒಂದ ಊಟ ಹಾಕೂದ ಹೆಚ್ಚಾತೇನ ನಿನಗ?"

ಒಂಬತ್ತು ವರ್ಷದ ಮಾತು ಸುಂದರಾಗೆ ನಾಟಿತು. ಮಗ ಬೆಳಿಗ್ಗೆ ಐದಕ್ಕೆ ಎದ್ದು ಹೋಗಿ ರಾತ್ರಿ ಹಾಲಿನ ವಾಸನೆ ಹೊತ್ತು ಬರುವುದನ್ನು ಅವಳೇನು ಕಂಡಿರಲಿಲ್ಲವೇ? ಎರಡು ದಿನ ಮನೆಯಲ್ಲಿ ಪಾತ್ರೆಗಳದ್ದೇ ಮಾತು. ಶುಕ್ರವಾರ ಅವಳು ಬಾಯಿ ಬಿಟ್ಟಳು.

"ಬರ್ಲಿ. ಆದ್ರ ಒಂದ ಮಾತ. ಎಲ್ಲಾರಿಗೂ ಒಂದ ನಮೂನಿ ತಾಟ. ನನ್ನ ಸ್ಟೀಲಿನ್ವು."

"ಮನ್ಯಾಗ ಪಿಂಗಾಣಿ ಇಟ್ಕೊಂಡ ಚೇರಮನ್ನರಿಗೆ ಸ್ಟೀಲ ಇಡ್ತೀಯೇನ?"

"ಹಂಗಂದ್ರ ಪೂನಮ ದಿನಾ ಇಟ್ಟಂಗ ಇಡಬೇಕು. ಒಂದ ಹೂವು, ಒಂದ ಹಸರ. ಯಾರ ಮುಂದ ಯಾವುದ ಬರ್ತೈತಿ, ಅದ ಅವರದ. ಒಪ್ಪತೀಯೋ?"

"ಒಪ್ಪಿದೆ."

"ನನ್ನ ಮುಂದ ನಿಂತ ಹೇಳು."

"ಒಪ್ಪಿದೆ ಅವ್ವಾ!"

ಭಾನುವಾರ ಸುಂದರಾ ಬೆಳಿಗ್ಗೆಯೇ ಒಲೆ ಮುಂದೆ ಕೂತಳು. ಸಾವುಕಾರರ ಜೈನ ಮನೆಯ ಊಟದ ಕಟ್ಟಳೆ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಉಳ್ಳಾಗಡ್ಡಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಬಟಾಟೆ, ಗಜ್ಜರಿ ಯಾವುದೂ ಇಲ್ಲ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಚಪಾತಿ, ಹೀರೇಕಾಯಿ ಪಲ್ಯ, ತೊಗರಿಬೇಳೆ, ಶಾವಿಗೆ ಖೀರು ಮಾಡಿದಳು. ಸಿಟ್ಟು ಸಿಟ್ಟಿನ ಜಾಗದಲ್ಲಿ, ರುಚಿ ರುಚಿಯ ಜಾಗದಲ್ಲಿ. ಮನೆಗೆ ಬಂದವನಿಗೆ ಕೆಟ್ಟ ಅಡುಗೆ ಹಾಕುವಷ್ಟು ಸಣ್ಣವಳಾಗಲು ಅವಳು ತಯಾರಿರಲಿಲ್ಲ.

ನಾಲ್ಕು ಗಂಟೆಗೆ ಪೂನಮ ಪಡಸಾಲೆಯಲ್ಲಿ ಎದುರು ಬದುರು ಎರಡು ಸಾಲು ಚಾಪೆ ಹಾಸಿ ತಾಟು ಇಟ್ಟಳು. ಎರಡೂ ಸಾಲಿನಲ್ಲಿ ಹೂವು, ಹಸಿರು, ಹೂವು, ಹಸಿರು. ಸುಂದರಾ ಬಾಗಿಲಿಗೆ ಬಂದು ನೋಡಿ, "ಚಂದ ಕಾಣ್ತಾವ," ಅಂದಳು. ಅತ್ತೆಯ ಬಾಯಿಂದ ಇಷ್ಟು ಬಂದದ್ದೇ ಪೂನಮಳಿಗೆ ಸಾಕಾಯಿತು.

ಜೀಪಿನ ಸದ್ದು ಕೇಳಿಸಿದಾಗ ಇಬ್ಬರೂ ಒಳಗೆ ಚಪಾತಿಗೆ ತುಪ್ಪ ಸವರುತ್ತಿದ್ದರು. ಬುಟ್ಟಿ ಹಿಡಿದು ಮೊದಲು ಹೊರಗೆ ಬಂದ ಪೂನಮ ಅಲ್ಲೇ ನಿಂತಳು.

"ಇದ್ಯಾರ ಮಾಡಿದ್ರು?"

"ಸುಮ್ನಿರ," ವಿಕ್ರಾಂತ ಹಲ್ಲು ಕಚ್ಚಿ ಪಿಸುಗುಟ್ಟಿದ. "ಬಂದ್ರು."

ಬುದ್ಧನ ಫೋಟೋದ ಕೆಳಗಿನ ಸಾಲಿನಲ್ಲಿ ಆರಕ್ಕೆ ಆರೂ ಹೂವಿನ ತಾಟು. ಎದುರಿಗೆ, ಬಾಗಿಲ ಬಳಿಯ ಸಾಲಿನಲ್ಲಿ ಆರೂ ಹಸಿರು. ಅಲ್ಲಿ ಆಗಲೇ ರಾಜಾರಾಮ, ಓಣಿಯ ಹಿರಿಯರಾದ ಭೀಮಸಿ ಮತ್ತು ಜ್ಞಾನದೇವ ತಲೆ ತಗ್ಗಿಸಿ ಕೂತಿದ್ದರು. ಯಾರೂ ಹೇಳದಿದ್ದರೂ ಮೂವರೂ ಹೋಗಿ ಹಸಿರಿನ ಮುಂದೆಯೇ ಕೂತಿದ್ದರು.

ಪೂನಮಳ ಹಿಂದೆ ಬಂದ ಸುಂದರಾ ಇದನ್ನು ನೋಡಿದಳು. ಮೊದಲು ಗಂಡನ ಬಾಗಿದ ಕತ್ತು ಕಂಡಿತು, ಆಮೇಲೆ ಮಗನ ಮುಖ. ಅವಳ ಮೈಯೆಲ್ಲ ಉರಿಯಿತು. ಸಾವುಕಾರ ಇನ್ನೂ ಹೊಸ್ತಿಲು ದಾಟಿರಲಿಲ್ಲ, ಅವನು ಬರುವ ಮೊದಲೇ ಅವನ ಕೊಟ್ಟಿಗೆಯ ಕಾಯಿದೆ ತನ್ನ ಪಡಸಾಲೆಗೆ ಬಂದು ಕೂತಿತ್ತು. ತಂದವನು ತಾನು ಹೆತ್ತ ಮಗ.

ಆಬಾಸಾಹೇಬ ನಗುತ್ತಲೇ ಬಂದ. ಹಿಂದೆ ಇಬ್ಬರು ಡೈರೆಕ್ಟರು, ಮೂವರು ಕಾರ್ಯಕರ್ತರು. ಕೊನೆಗೆ ಕಾಶಿಬಾಯಿ, ಕೈಯಲ್ಲಿ ನೀರಿನ ಬಾಟಲಿ.

"ಏನ ಸುಂದರಾ, ಆರಾಮಿದ್ದೀಯಲ್ಲ? ನಮ್ಮ ಮನಿ ಅನ್ನ ಉಂಡ ಬೆಳದಾಕಿ ನೀ. ಇವತ್ತ ನಾವು ನಿನ್ನ ಮನ್ಯಾಗ ಉಣ್ಣಾಕ ಬಂದೀವಿ ನೋಡ."

"ನಂದ ಇವತ್ತ ಉಪಾಸ ಐತಿ," ಕಾಶಿಬಾಯಿ ಕೇಳುವ ಮೊದಲೇ ಹೇಳಿ ಕುರ್ಚಿಯ ತುದಿಯಲ್ಲಿ ಕೂತಳು. ಇವತ್ತು ಅಷ್ಟಮಿಯಲ್ಲ, ಚತುರ್ದಶಿಯೂ ಅಲ್ಲ. ಕಾಶಿಬಾಯಿಯ ಉಪವಾಸದ ದಿನಗಳು ಸುಂದರಾಗೆ ಬಾಯಿಪಾಠ.

ಆಬಾಸಾಹೇಬ ಹೂವಿನ ಸಾಲಿನ ನಡುವೆ ಕೂತ. ಸುಂದರಾ ಬೋಗುಣಿ ಕೆಳಗಿಟ್ಟು ನೇರ ಹೋಗಿ ಅವನ ಮುಂದಿನ ತಾಟನ್ನು ಎತ್ತಿಕೊಂಡಳು. ಪಡಸಾಲೆ ದಾಟಿ ಅದನ್ನು ರಾಜಾರಾಮನ ಮುಂದೆ ಇಟ್ಟಳು. ರಾಜಾರಾಮನ ಹಸಿರು ತಾಟನ್ನು ತಂದು ಆಬಾಸಾಹೇಬನ ಮುಂದೆ ಇಟ್ಟಳು.

"ಅವ್ವಾ!" ವಿಕ್ರಾಂತನ ದನಿ ಸೀಳಿತು.

"ನೀ ಸುಮ್ನ ಕೂಡು. ಪೂನಮ, ಬಡಸ."

ಡೈರೆಕ್ಟರುಗಳು ಮುಖ ಮುಖ ನೋಡಿಕೊಂಡರು. ಸುಂದರಾ ಸಾವುಕಾರನ ಮುಖವನ್ನೇ ನೋಡುತ್ತ ನಿಂತಳು. ಈಗ ಕೆಂಪಾಗುತ್ತದೆ, ಈಗ ಎದ್ದು ನಿಲ್ಲುತ್ತಾನೆ ಎಂದು ಕಾದಳು. ಆಬಾಸಾಹೇಬ ತಾಟು ನೋಡಿದ, ಅವಳನ್ನು ನೋಡಿದ, ನಕ್ಕ.

"ಇರ್ಲಿ ಬಿಡೋ ವಿಕ್ರಾಂತ. ಯಾವ ತಾಟಾದ್ರೇನ? ಊಟಾ ಒಂದ ಅಲ್ಲೇನ? ಬಣ್ಣ ಚೊಲೋ ಐತಿ."

ಅವನಿಗೆ ನೆನಪೇ ಇರಲಿಲ್ಲ! ಅವನ ಕೊಟ್ಟಿಗೆಯಲ್ಲಿ ಒಂದು ಮಾಡವಿತ್ತು, ಮಾಡದಲ್ಲಿ ಒಂದು ತಾಟಿತ್ತು, ಆ ತಾಟಿನ ಮುಂದೆ ಒಬ್ಬ ಹೆಂಗಸಿನ ವಯಸ್ಸೆಲ್ಲ ಹೋಯಿತು ಎನ್ನುವುದು ಅವನ ತಲೆಯಲ್ಲಿ ಎಲ್ಲೂ ಇರಲಿಲ್ಲ. ಇದ್ದಿದ್ದರೆ ಸುಂದರಾಗೆ ಇಷ್ಟು ಉರಿಯುತ್ತಿರಲಿಲ್ಲ. ಅವನು ಹೀರೇಕಾಯಿ ಪಲ್ಯ ಹೊಗಳಿದ, ಖೀರು ಎರಡು ಸಲ ಹಾಕಿಸಿಕೊಂಡ. ಕಾರ್ಯಕರ್ತನೊಬ್ಬ ಎದ್ದು ಮೊಬೈಲಿನಲ್ಲಿ ಫೋಟೋ ತೆಗೆದ. ಆಬಾಸಾಹೇಬ ತುತ್ತು ಬಾಯಿಯ ಹತ್ತಿರ ಹಿಡಿದು ಅದಕ್ಕೂ ನಕ್ಕ.

ಕಾಶಿಬಾಯಿ ಮಾತ್ರ ನಗಲಿಲ್ಲ. ಅವಳು ಹಸಿರು ತಾಟನ್ನು ನೋಡಿದ್ದಳು. ಆಮೇಲೆ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ ಕೂತವಳು ತಲೆ ಎತ್ತಿರಲಿಲ್ಲ.

ಊಟ ಮುಗಿಸಿ ಆಬಾಸಾಹೇಬ ಎದ್ದ. ವಿಕ್ರಾಂತ ಓಡಿ ಬಂದು ಕೈಗೆ ನೀರು ಹಾಕಿದ, ಟಾವೆಲ್ಲು ಕೊಟ್ಟ.

"ನಿನ್ನ ಕಾಗದ ನೋಡ್ತೀನಿ," ಅಂದ ಆಬಾಸಾಹೇಬ ಬಾಯಿ ಒರೆಸುತ್ತ. "ಬುಧವಾರ ಬಾ."

"ಸಾವ್ಕಾರ್ರ, ತಾಟ ತಗೋರಿ," ಅಂದಳು ಸುಂದರಾ.

"ಏನ?"

"ತಾಟ. ಹಿತ್ತಲದಾಗ ಕಲ್ಲ ಐತಿ, ನೀರ ಐತಿ. ತೊಳದ, ಕಲ್ಲ ಮ್ಯಾಲ ಡಬ್ಬ ಹಾಕಿ ಹೋಗ್ರಿ. ನಿಮ್ಮ ಮನ್ಯಾಗ ನಾ ಇಪ್ಪತ್ತೈದ ವರ್ಷ ದಿನಾ ಹಂಗ ಮಾಡೀನಿ. ಬಸರಿ ಇದ್ದಾಗೂ ಮಾಡೀನಿ, ಜ್ವರಾ ಬಂದಾಗೂ ಮಾಡೀನಿ. ನಾ ಉಂಡ ತಾಟ ನಿಮ್ಮ ಮನ್ಯಾಗ ಯಾರೂ ಮುಟ್ಟಲಿಲ್ಲ. ನೀವು ಉಂಡದ್ದನ್ನ ನನ್ನ ಮನ್ಯಾಗ ಯಾರ ಮುಟ್ಟಬೇಕು?"

"ಏ, ಯಾರ ಜೋಡಿ ಮಾತಾಡಾಕತ್ತಿ, ಖಬರ ಐತೇನ?" ಒಬ್ಬ ಡೈರೆಕ್ಟರ್ ಮುಂದೆ ಬಂದ.

"ಖಬರ ಐತಿ. ಅದಕ್ಕ ಮಾತಾಡಾಕತ್ತೀನಿ."

ಆಬಾಸಾಹೇಬನ ನಗು ಈಗ ಹೋಯಿತು. ಹೆಂಡತಿಯ ಕಡೆ ತಿರುಗಿದ. "ಏನಿದು? ಈಕಿ ಏನಂತಾಳ?"

"ಖರೇ ಅಂತಾಳ," ಕಾಶಿಬಾಯಿಯ ದನಿ ಸಣ್ಣದಾಗಿತ್ತು. "ದನದ ಗ್ವಾದಲಿ ಮ್ಯಾಲಿನ ಮಾಡದಾಗ ಇರ್ತಿತ್ತು. ನಾನ ಇಟ್ಟಿದ್ದೆ. ನಿಮ್ಮವ್ವ ಇಡಂದಿದ್ರು."

ಅವಳು ಕುರ್ಚಿಯಿಂದ ಎದ್ದು, ಸೀರೆಯ ನೆರಿಗೆ ಎತ್ತಿ ಹಿಡಿದು, ಹಸಿರು ತಾಟಿನ ಕಡೆ ಬಾಗಿದಳು.

"ನೀವ ಬ್ಯಾಡ್ರಿ ಅಕ್ಕಾರ," ಸುಂದರಾ ಅಡ್ಡ ಕೈ ಚಾಚಿದಳು. "ನೀವು ಉಪಾಸ ಅದೀರಿ. ಉಂಡವ್ರು ತೊಳೀಲಿ."

ಕಾಶಿಬಾಯಿ ಬಾಗಿದ್ದವಳು ಹಾಗೇ ನಿಂತಳು. ಆಬಾಸಾಹೇಬ ಟಾವೆಲ್ಲನ್ನು ಕುರ್ಚಿಯ ಮೇಲೆ ಒಗೆದು, "ಬುಧವಾರ ಬರೂದ ಬ್ಯಾಡ," ಎಂದು ವಿಕ್ರಾಂತನಿಗೆ ಹೇಳಿ ಹೊಸ್ತಿಲು ದಾಟಿದ. ಉಳಿದವರು ಹಿಂದೆ ಹೋದರು. ಕಾಶಿಬಾಯಿ ಕೊನೆಗೆ ಹೋದಳು. ಭೀಮಸಿ, ಜ್ಞಾನದೇವರೂ ಸದ್ದಿಲ್ಲದೆ ಎದ್ದು ನಡೆದರು.

ವಿಕ್ರಾಂತ ತಾಯಿಯ ಮುಂದೆ ಬಂದು ನಿಂತ.

"ಆತಲ್ಲ? ಹೊಟ್ಟಿ ತಣ್ಣಗಾತಲ್ಲ? ಒಂಬತ್ತ ವರ್ಷ ಅವ್ವಾ! ನನ್ನ ಅನ್ನದಾಗ ಮಣ್ಣ ಹಾಕಿದಿ!"

"ನಿನ್ನ ಅನ್ನದ ಸಲವಾಗಿ ನಾ ಆ ಅಂಗಳದಾಗ ಕುಂತಿದ್ದೆ."

"ಕೂಡು ಅಂತ ನಾ ಹೇಳಿದ್ನೇನ? ಹೆಂಡತಿ ಅದಾಳ ನನಗ, ನಾಳೆ ಮಕ್ಕಳಾಗ್ತಾವ, ಏನ ತಿನ್ನಸ್ಲಿ? ನಿನ್ನ ಸಿಟ್ಟ ತಿನ್ನಸ್ಲೇನ?"

"ನನ್ನ ಹೆಸರ ತಗೀಬ್ಯಾಡ್ರಿ," ಪೂನಮ ಒಳಗಿನಿಂದ ಕೂಗಿದಳು. "ನನಗ ಮಷೀನ ಐತಿ."

"ನೀ ನಡುವ ಬಾಯಿ ಹಾಕಬ್ಯಾಡ!" ವಿಕ್ರಾಂತ ತಿರುಗಿ ಆಬಾಸಾಹೇಬನ ಹಸಿರು ತಾಟನ್ನು ನೆಲದಿಂದ ಎತ್ತಿಕೊಂಡ. ಅದರ ಅಂಚಿನಲ್ಲಿ ಖೀರಿನ ಶಾವಿಗೆ ಅಂಟಿತ್ತು. "ನಾ ತೊಳೀತೀನಿ. ತೊಳದ ಅವರ ಮನಿ ತನಕಾ ಓಡಿ ಹೋಗಿ ಕಾಲ ಬೀಳ್ತೀನಿ. ಮುಗೀತಲ್ಲ?"

ಸುಂದರಾ ಅವನ ಮಣಿಕಟ್ಟು ಹಿಡಿದಳು. ಐವತ್ತೈದು ವರ್ಷದ ಕೈ, ಆದರೆ ಕಬ್ಬು ಹಿಡಿದ ಕೈ. ವಿಕ್ರಾಂತ ಜಗ್ಗಿದ. ಅವಳು ಬಿಡಲಿಲ್ಲ. ಬಾಗಿಲ ಬಳಿ ಇನ್ನೂ ಕೂತಿದ್ದ ರಾಜಾರಾಮ ತನ್ನ ಮುಂದಿನ ಹೂವಿನ ತಾಟಿನಿಂದ ತಲೆ ಎತ್ತಿದ. ಅವನು ಒಂದು ತುತ್ತೂ ಉಂಡಿರಲಿಲ್ಲ.

"ಬಿಡ ಅವ್ವಾ. ಒಂದ ತಾಟ! ಬರೇ ಒಂದ ತಾಟಿಗೆ ಇಷ್ಟೆಲ್ಲಾ ಮಾಡಿದಿ!"

"ಬರೇ ತಾಟ ಆಗಿದ್ರ," ಸುಂದರಾ ಕೇಳಿದಳು, "ನೀ ಯಾಕ ಬದಲಿ ಮಾಡಿದಿ?"

ವಿಕ್ರಾಂತ ಜಗ್ಗುವುದನ್ನು ಬಿಟ್ಟ. ಹೊರಗೆ ಜೀಪು ಸುರುವಾಗಿ, ಓಣಿ ದಾಟಿ, ಡಾಂಬರು ರಸ್ತೆ ಹಿಡಿದ ಸದ್ದು ಕೇಳಿಸಿತು. ತಾಟು ಇನ್ನೂ ಅವನ ಕೈಯಲ್ಲೇ ಇತ್ತು.